ಪ್ರಯೋಗಶಾಲೆಯಲ್ಲಿ ಎಚ್ಚರ: ಎಳೆಯರಿಗೆ ಕಲಿಸಬೇಕಾದ ಮೊದಲ ಪಾಠ

ದೀಪದ ಕಡೆಗೆ ಕೈ ಚಾಚದ ಮಗು ಲೋಕದಲ್ಲಿಲ್ಲ. ಉರಿಯುವ ಸೊಡರನ್ನು ಕಂಡೊಡನೆ ಹಸುಳೆಯ ಕಣ್ಣು ಅರಳುತ್ತದೆ, ಕೈ ಮುಂದಾಗುತ್ತದೆ. ತಾಯಿ ಆ ಕೈಯನ್ನು ಹಿಡಿದು ಹಿಂದಕ್ಕೆ ಸೆಳೆಯುತ್ತಾಳೆ. ದಿನನಿತ್ಯದ ಈ ಒಂದು ನೋಟದಲ್ಲಿ ಶಿಕ್ಷಣದ ಒಂದು ದೊಡ್ಡ ಸಮಸ್ಯೆಯೇ ಅಡಗಿದೆ. ಮುಂದೆ ಚಾಚಿದ ಕೈ ಜಿಜ್ಞಾಸೆಯದು; ಹಿಂದೆ ಸೆಳೆದ ಕೈ ರಕ್ಷಣೆಯದು. ಮೊದಲನೆಯದಿಲ್ಲದೆ ವಿಜ್ಞಾನ ಹುಟ್ಟದು. ಎರಡನೆಯದಿಲ್ಲದೆ ಮಗು ಉಳಿಯದು. ಮುಟ್ಟಿ ನೋಡುವ ಧೈರ್ಯವನ್ನೂ ಮುಟ್ಟುವ ಮುನ್ನ ಯೋಚಿಸುವ ಎಚ್ಚರವನ್ನೂ ಒಂದೇ ಮನಸ್ಸಿನಲ್ಲಿ ಒಟ್ಟಿಗೆ ಬೆಳೆಸುವುದು ಹೇಗೆ ಎಂಬುದೇ ಪ್ರಾಥಮಿಕ ಶಾಲೆಯ ವಿಜ್ಞಾನ ಬೋಧನೆಯ ಮೂಲ ಪ್ರಶ್ನೆಯೆಂದರೆ ತಪ್ಪಾಗಲಾರದು.

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿ ಕಟ್ಟಡಗಳ ವಿಸ್ತರಣೆ, ಪರೀಕ್ಷೆಗಳ ಫಲಿತಾಂಶ, ಹಳೆಯ ವಿದ್ಯಾರ್ಥಿಗಳ ಸಾಧನೆ ಇವುಗಳ ಪ್ರಸ್ತಾಪ ಬರುವುದು ಸಹಜವೂ ಉಚಿತವೂ ಆಗಿದೆ. ಆದರೆ ಮೂರನೆಯ ತರಗತಿಯ ಮಗುವೊಂದು ಮೇಣದ ಬತ್ತಿಯನ್ನು ಹೇಗೆ ಹಚ್ಚಬೇಕು, ಹೇಗೆ ಆರಿಸಬೇಕು ಎಂಬ ಚಿಕ್ಕ ವಿಷಯ ಅಂತಹ ಪುಟಗಳಲ್ಲಿ ಬರುವುದು ಅಪರೂಪ. ಚಿಕ್ಕದೆಂದು ಕಂಡರೂ ಈ ವಿಷಯದಲ್ಲಿ ಮಕ್ಕಳ ಕಣ್ಣು, ಚರ್ಮ ಮತ್ತು ಪ್ರಾಣಗಳು ಪಣವಾಗಿರುವುದರಿಂದ ಅಧ್ಯಾಪಕರೂ ದಾನಿಗಳೂ ಇದನ್ನು ಒಂದಿಷ್ಟು ಸಾವಧಾನವಾಗಿ ಪರಿಶೀಲಿಸುವುದು ಅವಶ್ಯ.

1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಶಾಲೆಯ ಮೊದಲ ಹತ್ತು ವರ್ಷಗಳಲ್ಲಿ ವಿಜ್ಞಾನ ಮತ್ತು ಗಣಿತಗಳು ಎಲ್ಲ ಮಕ್ಕಳಿಗೂ ಕಡ್ಡಾಯವಾಗಬೇಕೆಂದು ಶಿಫಾರಸು ಮಾಡಿತು. 1987ರಲ್ಲಿ ಆರಂಭವಾದ ‘ಆಪರೇಷನ್ ಬ್ಲಾಕ್‌ಬೋರ್ಡ್’ ಯೋಜನೆಯ ಫಲವಾಗಿ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೂ ವಿಜ್ಞಾನದ ಪೆಟ್ಟಿಗೆಗಳು ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅನುಭವದ ಮೂಲಕ ಕಲಿಯುವುದನ್ನು ಎಲ್ಲ ಹಂತಗಳಲ್ಲಿಯೂ ಒತ್ತಿ ಹೇಳುತ್ತದೆ. ಇಷ್ಟೆಲ್ಲ ಆದರೂ, ಆ ಪೆಟ್ಟಿಗೆಗಳ ಗತಿ ಏನಾಯಿತೆಂಬುದನ್ನು ಹಳೆಯ ಅಧ್ಯಾಪಕರು ಬಲ್ಲರು. ಅನೇಕ ಕಡೆ ಅವು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಭದ್ರವಾಗಿ ಕುಳಿತವು. ಬೀರುವಿಗೆ ಬೀಗ ಬಿತ್ತು. ಬೀಗದ ಕೈ ದಾಸ್ತಾನು ಪುಸ್ತಕದೊಂದಿಗೆ ಒಬ್ಬರಿಂದ ಒಬ್ಬರಿಗೆ ಹಸ್ತಾಂತರವಾಯಿತು. ಗಾಜು ಒಡೆಯಲಿಲ್ಲ, ಯಾರ ಕೈಯೂ ಸುಡಲಿಲ್ಲ, ಯಾವ ಮಗುವೂ ಏನನ್ನೂ ಕಲಿಯಲಿಲ್ಲ.

ಬೀಗ ಹಾಕಿದ ಬೀರುವನ್ನು ಸುರಕ್ಷತೆಯೆಂದು ಕರೆಯುವುದು ಸರಿಯಲ್ಲ. ಅದು ಅಪಾಯವನ್ನು ಮುಂದಕ್ಕೆ ಹಾಕುವ ಉಪಾಯವಷ್ಟೆ. ಪ್ರಾಥಮಿಕ ಶಾಲೆಯಲ್ಲಿ ಒಂದು ಬೆಂಕಿಕಡ್ಡಿಯನ್ನೂ ಗೀರದ ಬಾಲಕನು ಪ್ರೌಢಶಾಲೆಗೆ ಬಂದಾಗ ಏಕಾಏಕಿ ಸ್ಪಿರಿಟ್ ದೀಪದ ಮುಂದೆ, ಸಾಂದ್ರ ಗಂಧಕಾಮ್ಲದ ಸೀಸೆಯ ಪಕ್ಕದಲ್ಲಿ ನಿಲ್ಲುತ್ತಾನೆ. ಈಜು ಬಾರದವನನ್ನು ಕೆರೆಯ ದಂಡೆಗೂ ಬಿಡದೆ ಬೆಳೆಸಿ, ಒಂದು ದಿನ ತುಂಬಿದ ಹೊಳೆಗೆ ಇಳಿಸಿದಂತೆ ಇದು. ಇನ್ನೊಂದು ಬಗೆಯ ತಪ್ಪೂ ಉಂಟು. ಉತ್ಸಾಹಿಗಳಾದ ಕೆಲವರು ಮಕ್ಕಳನ್ನು ಬೆರಗುಗೊಳಿಸುವ ಆತುರದಲ್ಲಿ, ಕಣ್ಣಿಗೆ ಕವಚವಿಲ್ಲದೆ, ಪಕ್ಕದಲ್ಲಿ ನೀರಿಲ್ಲದೆ, ಜ್ವಾಲೆ ಚಿಮ್ಮುವ ಪ್ರದರ್ಶನಗಳನ್ನು ಮಾಡುತ್ತಾರೆ. ಮೊದಲನೆಯ ತಪ್ಪು ಭಯದ್ದು, ಎರಡನೆಯದು ಉಡಾಫೆಯದು. ಎರಡೂ ಮಗುವಿಗೆ ಕಾರಣವನ್ನು ಹೇಳುವುದಿಲ್ಲ ಎಂಬುದರಲ್ಲಿ ಅವು ಒಂದೇ.

ಈ ಮಾತಿಗೆ ಕನ್ನಡ ನಾಡಿನ ಸ್ಮರಣೆಯಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. 1980ರ ಫೆಬ್ರವರಿ 16ರ ಶನಿವಾರ ಸಂಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದ ಕರಾವಳಿಯಿಂದ ರಾಯಚೂರಿನ ಕಡೆಗೆ ಉತ್ತರ ಕರ್ನಾಟಕವನ್ನು ಹಾದುಹೋಯಿತು. ವಿಜ್ಞಾನಿಗಳು ದೂರದೂರದಿಂದ ಬಂದು ಇಲ್ಲಿ ಬೀಡುಬಿಟ್ಟಿದ್ದರು. ಒಬ್ಬ ಮನುಷ್ಯನ ಜೀವಮಾನದಲ್ಲಿ ಒಮ್ಮೆ ದೊರೆತರೂ ಪುಣ್ಯವೆನ್ನಬಹುದಾದ ಆ ದೃಶ್ಯ ಮನೆಯ ಅಂಗಳಕ್ಕೇ ಬಂದಿದ್ದಾಗ ಅಸಂಖ್ಯಾತ ಮನೆಗಳ ಕದಗಳು ಮುಚ್ಚಿದ್ದವು, ಬೀದಿಗಳು ಬಿಕೋ ಎನ್ನುತ್ತಿದ್ದವು. ಮಕ್ಕಳನ್ನು ಒಳಗೆ ಕೂಡಿಹಾಕಿದವರು ಒಂದು ಕಡೆಯಾದರೆ, ಬರಿಗಣ್ಣಿನಿಂದಲೇ ಸೂರ್ಯನನ್ನು ದಿಟ್ಟಿಸಿದ ದುಡುಕಿನವರು ಮತ್ತೊಂದು ಕಡೆ. ರಟ್ಟಿನಲ್ಲಿ ಸೂಜಿಯಿಂದ ಒಂದು ರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತು, ಬಿಳಿಯ ಕಾಗದದ ಮೇಲೆ ಬೀಳುವ ಬಿಂಬವನ್ನು ನೋಡುವ ಮೂರನೆಯ ದಾರಿಯೊಂದಿತ್ತು. ಆ ದಾರಿಗೆ ಬೇಕಾದುದು ಕಾಸು ಬೆಲೆಯ ರಟ್ಟು ಮತ್ತು ಎರಡು ನಿಮಿಷದ ವಿವರಣೆ. ಕಣ್ಣಿನ ಒಳಪೊರೆಗೆ ನೋವು ತಿಳಿಯುವ ಶಕ್ತಿಯಿಲ್ಲ. ಆದ್ದರಿಂದ ಸೂರ್ಯನ ಬೆಳಕು ಅದನ್ನು ಸುಡುವಾಗ ನೋಡುವವನಿಗೆ ಸುಳಿವೇ ಸಿಗದು. ಈ ಒಂದು ಕಾರಣವನ್ನು ಅರಿತ ಮಗು ಗ್ರಹಣಕ್ಕೆ ಹೆದರುವುದೂ ಇಲ್ಲ, ಸೂರ್ಯನನ್ನು ದಿಟ್ಟಿಸುವುದೂ ಇಲ್ಲ. 2019ರ ಡಿಸೆಂಬರ್ 26ರಂದು ಕಂಕಣ ಗ್ರಹಣ ಬಂದಾಗ ಎಷ್ಟೋ ಶಾಲೆಗಳ ಮಕ್ಕಳು ಸೌರ ಕನ್ನಡಕ ಹಿಡಿದು ಬಯಲಿಗೆ ಬಂದರೆಂಬುದು ನೆಮ್ಮದಿಯ ಸಂಗತಿ. ಆ ದಿನವೂ ಮುಚ್ಚಿದ ಕದಗಳು ಕಡಮೆಯೇನಿರಲಿಲ್ಲ ಎಂಬುದು ಮರೆಯಬಾರದ ಸಂಗತಿ.

ಪ್ರಾಥಮಿಕ ಶಾಲೆಯಲ್ಲಿ ಪ್ರಯೋಗಶಾಲೆಯೇ ಇಲ್ಲದಿರುವಾಗ ಅಲ್ಲಿನ ಸುರಕ್ಷತೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪಣೆ ಮೇಲ್ನೋಟಕ್ಕೆ ಸಮಂಜಸವಾಗಿ ತೋರಿದರೂ ನಿಲ್ಲುವಂಥದಲ್ಲ. ಮಗು ಬದುಕುವ ಮನೆಯೇ ರಸಾಯನಗಳಿಂದ ತುಂಬಿದೆ. ಅಜ್ಜಿಯ ಎಲೆ ಅಡಕೆಯ ಚೀಲದಲ್ಲಿರುವ ಸುಣ್ಣವನ್ನೇ ತೆಗೆದುಕೊಳ್ಳಬಹುದು. ಸುಣ್ಣ ತೀಕ್ಷ್ಣವಾದ ಪ್ರತ್ಯಾಮ್ಲ. ಸುಣ್ಣದ ಪುಟ್ಟ ಪೊಟ್ಟಣವನ್ನು ಮಕ್ಕಳು ಆಟಕ್ಕೆ ಹಿಸುಕಿದಾಗ ಅದು ಸಿಡಿದು ಕಣ್ಣಿಗೆ ಬೀಳುವ ಪ್ರಕರಣಗಳು ಭಾರತದ ನೇತ್ರವೈದ್ಯರಿಗೆ ಚಿರಪರಿಚಿತ. ಆಮ್ಲ ಬಿದ್ದಲ್ಲಿ ಕಣ್ಣಿನ ಮೇಲ್ಪದರ ಹೆಪ್ಪುಗಟ್ಟಿ ಒಳಕ್ಕೆ ಇಳಿಯದಂತೆ ಒಂದಿಷ್ಟು ತಡೆಯಾಗುತ್ತದೆ. ಪ್ರತ್ಯಾಮ್ಲವಾದರೋ ಅಂಗಾಂಶವನ್ನು ಕರಗಿಸುತ್ತ ಆಳಕ್ಕೆ ಹೋಗುತ್ತದೆ. ಆ ಗಳಿಗೆಯಲ್ಲಿ ಕಣ್ಣನ್ನು ಉಳಿಸಬಲ್ಲದು ಪಕ್ಕದಲ್ಲಿರುವ ಶುದ್ಧ ನೀರು ಮಾತ್ರ. ರೆಪ್ಪೆಯನ್ನು ತೆರೆದು ಹಿಡಿದು ಹದಿನೈದು ಇಪ್ಪತ್ತು ನಿಮಿಷಗಳವರೆಗೆ ಎಡೆಬಿಡದೆ ತೊಳೆಯಬೇಕು. ತೊಳೆದ ಮೇಲೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮೊದಲು ಗಾಡಿ ಹುಡುಕಿ ಆಮೇಲೆ ನೀರು ಹುಡುಕುವ ಕ್ರಮದಿಂದ ದೃಷ್ಟಿ ಹೋಗುತ್ತದೆ. ಇದನ್ನು ಬಲ್ಲ ಎಂಟು ವರ್ಷದ ಅಕ್ಕ ನಾಲ್ಕು ವರ್ಷದ ತಮ್ಮನ ಕಣ್ಣನ್ನು ಉಳಿಸಬಲ್ಲಳು.

ಸುಣ್ಣವೊಂದೇ ಅಲ್ಲ. ಶೌಚಗೃಹ ತೊಳೆಯುವ ದ್ರಾವಣದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ; ಅದನ್ನು ಬ್ಲೀಚಿಂಗ್ ಪುಡಿಯೊಡನೆ ಬೆರೆಸಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಹೊಮ್ಮುತ್ತದೆ. 2020ರ ಮಹಾಮಾರಿಯ ಕಾಲದಿಂದ ಶಾಲೆಯ ಬಾಗಿಲಿಗೇ ಬಂದ ಕೈತೊಳೆಯುವ ಸ್ಯಾನಿಟೈಸರ್ ದ್ರವದ ಬಹುಭಾಗ ಆಲ್ಕೊಹಾಲು. ಅದು ಹಚ್ಚಿದ ಬತ್ತಿಯ ಬಳಿ ತಟ್ಟನೆ ಹೊತ್ತಿಕೊಳ್ಳುತ್ತದೆ, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೂ ಕಷ್ಟ. ದೀಪಾವಳಿಯ ಪಟಾಕಿಯ ಮಾತಂತೂ ಹೇಳಬೇಕಾಗಿಯೇ ಇಲ್ಲ. ಹೀಗೆ ಮಗುವಿಗೆ ಪ್ರಯೋಗಶಾಲೆ ಇದ್ದೇ ಇದೆ. ಅಲ್ಲಿ ಇಲ್ಲದಿರುವುದು ಅಧ್ಯಾಪಕನೊಬ್ಬನೇ.

ವಿಜ್ಞಾನದ ಇತಿಹಾಸವನ್ನು ಮಕ್ಕಳಿಗೆ ಹೇಳುವ ಕ್ರಮದಲ್ಲಿಯೂ ಒಂದು ಲೋಪವಿದೆ. ಅಪಾಯವನ್ನು ಲೆಕ್ಕಿಸದೆ ದುಡಿದ ವೀರರೆಂದು ವಿಜ್ಞಾನಿಗಳನ್ನು ಹೊಗಳುವುದು ರೂಢಿ. ಆದರೆ ಅವರು ತೆತ್ತ ಬೆಲೆ ವೀರತ್ವದ್ದಲ್ಲ, ಬಹುಪಾಲು ಅಜ್ಞಾನದ್ದು. ಸ್ವೀಡನ್ನಿನ ಷೀಲೆ ತಾನು ಕಂಡುಹಿಡಿದ ರಾಸಾಯನಿಕಗಳ ರುಚಿ ನೋಡುವ ಅಭ್ಯಾಸದವನಾಗಿದ್ದ. 1786ರಲ್ಲಿ ನಾಲ್ವತ್ತಮೂರನೆಯ ವಯಸ್ಸಿಗೇ ತೀರಿಕೊಂಡ. ಜರ್ಮನಿಯ ಬುನ್ಸೆನ್ ಆಸ್ಫೋಟವೊಂದರಲ್ಲಿ ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡ. ಇಂಗ್ಲೆಂಡಿನ ಹಂಫ್ರಿ ಡೇವಿಯ ಕಣ್ಣುಗಳಿಗೆ 1812ರಲ್ಲಿ ನೈಟ್ರೊಜನ್ ಟ್ರೈಕ್ಲೋರೈಡಿನ ಆಸ್ಫೋಟದಿಂದ ಗಾಯವಾದಾಗ ಬರೆಯುವ ಕೆಲಸಕ್ಕೆ ಒಬ್ಬ ತರುಣನ ನೆರವು ಬೇಕಾಯಿತು. ಆ ತರುಣನೇ ಮೈಕೆಲ್ ಫ್ಯಾರಡೆ. 1934ರಲ್ಲಿ ಮೇರಿ ಕ್ಯೂರಿಯ ಪ್ರಾಣವನ್ನು ಕೊಂಡೊಯ್ದ ರಕ್ತದ ಕಾಯಿಲೆಗೆ ಆಕೆ ಜೀವಮಾನವಿಡೀ ಒಡನಾಡಿದ ವಿಕಿರಣವೇ ಕಾರಣವೆಂದು ಬಲ್ಲವರು ಹೇಳುತ್ತಾರೆ. ಇವರು ಅರಿಯದೆ ನಡೆದ ದಾರಿಯಲ್ಲಿ ಅರಿತವರು ನಡೆಯಬಾರದೆಂಬುದೇ ಈ ಕಥೆಗಳ ಸಾರ. ಹಿರಿಯ ಸಂಸ್ಥೆಗಳಿಗೂ ಈ ಎಚ್ಚರ ಸದಾ ಬೇಕೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2018ರ ಡಿಸೆಂಬರ್ 5ರಂದು ನಡೆದ ಸಿಲಿಂಡರ್ ಸ್ಫೋಟ ತೋರಿಸಿಕೊಟ್ಟಿತು. ಅದರಲ್ಲಿ ಒಬ್ಬ ಯುವ ಸಂಶೋಧಕರು ಅಸುನೀಗಿ ಮೂವರು ಗಾಯಗೊಂಡರು.

ಅದೇ ಫ್ಯಾರಡೆ ಮುಂದೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳನ್ನು ಮಾಡಿದಾಗ ಆರಿಸಿಕೊಂಡ ವಸ್ತು ಒಂದು ಮೇಣದ ಬತ್ತಿ. 1860–61ರ ಆ ಉಪನ್ಯಾಸಮಾಲೆ ಇಂದಿಗೂ ಅಧ್ಯಾಪಕರಿಗೆ ಮಾದರಿಯಾಗಿದೆ. ದೊಡ್ಡ ಸತ್ಯಗಳನ್ನು ತಿಳಿಸಲು ದೊಡ್ಡ ಜ್ವಾಲೆ ಬೇಕಿಲ್ಲ, ಒಂದು ಬತ್ತಿ ಸಾಕು ಎಂಬುದು ಅದರಿಂದ ಕಲಿಯಬಹುದಾದ ಪಾಠ.

ಶರಣ ಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಈ ವಿಚಾರ ಹೊರಗಿನಿಂದ ಬರಬೇಕಾದುದೇನೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರು ಅರಿವನ್ನೂ ಆಚಾರವನ್ನೂ ಬೇರ್ಪಡಿಸಲಿಲ್ಲ. ನಡೆಯಲ್ಲಿ ಕಾಣದ ಅರಿವು ಅವರಿಗೆ ಅರಿವೇ ಆಗಿರಲಿಲ್ಲ. ವಿಜ್ಞಾನದ ಸೂತ್ರಗಳು ಅರಿವಾದರೆ ಪ್ರಯೋಗಶಾಲೆಯ ಎಚ್ಚರ ಅದರ ಆಚಾರ. ದೋಣಿ ನಡೆಸುವ ಅಂಬಿಗರ ಚೌಡಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಮದ್ದು ಅರೆಯುವ ವೈದ್ಯ ಸಂಗಣ್ಣ ಇವರೆಲ್ಲ ಕೈಕಸುಬಿನ ಶರಣರು. ಪ್ರತಿಯೊಂದು ಕಾಯಕಕ್ಕೂ ಅದರದರ ಉಪಕರಣವಿದೆ, ಉಪಕರಣಕ್ಕೆ ತಕ್ಕ ಮರ್ಯಾದೆಯಿದೆ; ಅದನ್ನು ಮೀರಿದರೆ ಕೈಗೂ ಕಾಯಕಕ್ಕೂ ಕೇಡು. ಜಾತಕ, ಮುಹೂರ್ತ, ಶಕುನಗಳ ಭಯವನ್ನು ಶರಣರು ಧಿಕ್ಕರಿಸಿದರೇ ಹೊರತು ವಿವೇಕವನ್ನು ಧಿಕ್ಕರಿಸಲಿಲ್ಲ. ನಿಷ್ಕಾರಣವಾದ ಭಯವನ್ನು ಕಳೆದು ಸಕಾರಣವಾದ ಎಚ್ಚರವನ್ನು ನೆಲೆಗೊಳಿಸುವುದೇ ಪ್ರಯೋಗಶಾಲೆಯ ಕೆಲಸವೂ ಆಗಿದೆ.

ಮಠಗಳ ದಾಸೋಹದ ಅಡುಗೆಮನೆಯನ್ನು ಕಂಡವರಿಗೆ ಈ ಮಾತು ಇನ್ನೂ ಸ್ಪಷ್ಟವಾದೀತು. ನೂರಾರು ಮಂದಿಗೆ ಅನ್ನ ಬೇಯುವ ಕೊಪ್ಪರಿಗೆ, ಕುದಿಯುವ ಸಾರಿನ ಹಂಡೆ, ಧಗಧಗಿಸುವ ಒಲೆ, ಇವುಗಳ ನಡುವೆ ಅಡುಗೆಯವರು ದಿನವೂ ನಿರಾತಂಕವಾಗಿ ಓಡಾಡುತ್ತಾರೆ. ಹಂಡೆಯನ್ನು ಇಬ್ಬರು ಹಿಡಿಯುತ್ತಾರೆ. ಹಿಡಿಯುವ ಮೊದಲು ಕೂಗಿ ಹೇಳುತ್ತಾರೆ. ನೆಲದ ಮೇಲೆ ಎಣ್ಣೆ ಚೆಲ್ಲಿದರೆ ಒಡನೆಯೇ ಬೂದಿ ಎರಚುತ್ತಾರೆ. ಸೆರಗು, ವಲ್ಲಿಗಳನ್ನು ಸೊಂಟಕ್ಕೆ ಬಿಗಿಯುತ್ತಾರೆ. ಹೊಸಬನು ಮೊದಲು ತರಕಾರಿ ಹೆಚ್ಚುತ್ತಾನೆ, ಆಮೇಲೆ ಒಲೆಯ ಬಳಿಗೆ ಬರುತ್ತಾನೆ. ಯಾವ ಪುಸ್ತಕದಲ್ಲಿಯೂ ಬರೆಯದ ಈ ಶಿಸ್ತು ಹಿರಿಯರ ನಡೆಯಿಂದ ಕಿರಿಯರಿಗೆ ಇಳಿದು ಬಂದುದು. ವಿದ್ಯಾರ್ಥಿನಿಲಯದ ಮಕ್ಕಳು ಪ್ರತಿನಿತ್ಯ ಪಂಕ್ತಿಯಲ್ಲಿ ಕುಳಿತು ಊಟ ಮಾಡುವುದು ಈ ಶಿಸ್ತಿನ ಫಲವನ್ನೇ. ಅದನ್ನು ವಿಜ್ಞಾನದ ಮೇಜಿನ ಬಳಿಗೂ ತರುವುದಷ್ಟೇ ಉಳಿದಿರುವ ಕೆಲಸ.

ಹಾಗಾದರೆ ಕಲಿಸಬೇಕಾದುದೇನು? ನಿಯಮಗಳ ಉದ್ದನೆಯ ಪಟ್ಟಿಯನ್ನು ಗೋಡೆಗೆ ತೂಗುಹಾಕಿ ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ. ಎಂಟು ಹತ್ತು ವರ್ಷದ ಮಕ್ಕಳಿಗೆ ಐದಾರು ನಿಯಮಗಳು ಸಾಕು. ಒಂದೊಂದಕ್ಕೂ ಕಾರಣ ಬೇಕು, ಸಾಧ್ಯವಿದ್ದಲ್ಲಿ ಆ ಕಾರಣವನ್ನೇ ಪ್ರಯೋಗವಾಗಿ ತೋರಿಸಬೇಕು.

ಗೊತ್ತಿಲ್ಲದ ವಸ್ತುವನ್ನು ಬಾಯಿಗೆ ಹಾಕಬಾರದು ಎಂಬುದು ಮೊದಲನೆಯದು. ಸಕ್ಕರೆ, ಉಪ್ಪು, ಅಡುಗೆ ಸೋಡ, ಸುಣ್ಣದ ಪುಡಿ ಇವನ್ನು ನಾಲ್ಕು ತಟ್ಟೆಗಳಲ್ಲಿಟ್ಟು ಬರಿಗಣ್ಣಿನಿಂದ ಗುರುತಿಸಲು ಹೇಳಿದರೆ ಮಕ್ಕಳು ತಪ್ಪುತ್ತಾರೆ. ಬಿಳಿಯದೆಲ್ಲ ಸಕ್ಕರೆಯಲ್ಲವೆಂಬುದು ಆಗ ತಾನಾಗಿಯೇ ಮನದಟ್ಟಾಗುತ್ತದೆ. ಬಾಯಿಗೆ ಹಾಕದೆ ಅವನ್ನು ಗುರುತಿಸುವ ಬಗೆಯೂ ಉಂಟು. ಅರಿಸಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಸೋಡದ ಮೇಲೆ ನಿಂಬೆಯ ರಸ ಬಿದ್ದರೆ ನೊರೆ ಬರುತ್ತದೆ. ನಾಲಗೆಯ ಕೆಲಸವನ್ನು ಬುದ್ಧಿಗೆ ಒಪ್ಪಿಸುವ ಈ ಕ್ರಮದಲ್ಲಿ ಸುರಕ್ಷತೆಯ ನಿಯಮವೂ ರಸಾಯನಶಾಸ್ತ್ರದ ಪಾಠವೂ ಒಂದಾಗಿಬಿಡುತ್ತವೆ.

ವಾಸನೆಯನ್ನು ನೇರವಾಗಿ ಎಳೆದುಕೊಳ್ಳದೆ ಅಂಗೈಯಿಂದ ಮೂಗಿನ ಕಡೆಗೆ ಬೀಸಿಕೊಂಡು ನೋಡಬೇಕೆಂಬುದು ಎರಡನೆಯದು. ಬೆಂಕಿಯ ಬಳಿ ಸಡಿಲವಾದ ಉಡುಪು, ಬಿಚ್ಚಿದ ಜಡೆ, ಇಳಿಬಿದ್ದ ವಲ್ಲಿ ಇರಬಾರದೆಂಬುದು ಮೂರನೆಯದು. ಅಕಸ್ಮಾತ್ ಬಟ್ಟೆಗೆ ಕಿಡಿ ತಾಗಿದರೆ ಓಡದೆ ನಿಂತು, ಮಲಗಿ, ಹೊರಳಬೇಕೆಂಬುದನ್ನು ಆಟದ ಬಯಲಿನಲ್ಲಿ ಆಟದಂತೆಯೇ ಅಭ್ಯಾಸ ಮಾಡಿಸಬೇಕು. ಓಡಿದರೆ ಬೆಂಕಿಗೆ ಗಾಳಿ ದೊರೆಯುತ್ತದೆ. ಹೊರಳಿದರೆ ಗಾಳಿ ತಪ್ಪುತ್ತದೆ. ಉರಿಯುವ ಬತ್ತಿಯ ಮೇಲೆ ಗಾಜಿನ ಲೋಟವನ್ನು ಕವುಚಿ ತೋರಿಸಿದ ಅಧ್ಯಾಪಕನು ಈ ಕಾರಣವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಸುಟ್ಟ ಗಾಯಕ್ಕೆ ಮೊದಲ ಮದ್ದು ತಣ್ಣೀರು ಎಂಬುದು ನಾಲ್ಕನೆಯದು. ಬೆಣ್ಣೆ, ಶಾಯಿ, ದೋಸೆಯ ಹಿಟ್ಟು, ಹಲ್ಲುಜ್ಜುವ ಪೇಸ್ಟು ಇವುಗಳನ್ನು ಹಚ್ಚುವ ವಾಡಿಕೆ ಹಲವು ಮನೆಗಳಲ್ಲಿದೆ. ಇವು ಗಾಯದೊಳಗಿನ ಶಾಖವನ್ನು ತೆಗೆಯುವುದಿಲ್ಲ, ನಂಜಿಗೆ ದಾರಿಮಾಡುತ್ತವೆ. ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದೇ ಸರಿಯಾದ ಕ್ರಮ. ಈ ಪಾಠ ಮಗುವಿನ ಮೂಲಕ ಮನೆಗೆ ಹೋದರೆ ಶಾಲೆಯು ಊರಿಗೇ ಉಪಕಾರ ಮಾಡಿದಂತಾಗುತ್ತದೆ.

ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂಬ ಕ್ರಮವನ್ನು ಮೀರಬಾರದು ಎಂಬುದು ಐದನೆಯದು. ಸಾಂದ್ರ ಆಮ್ಲಗಳನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕೈಗೆ ಕೊಡಲೇಬಾರದು. ಈ ವಿಷಯದಲ್ಲಿ ಎರಡನೆಯ ಮಾತಿಲ್ಲ. ಆದರೆ ಮುಂದೆ ಬೇಕಾಗುವ ತತ್ತ್ವವನ್ನು ಈಗಲೇ ಮನಸ್ಸಿನಲ್ಲಿ ಬಿತ್ತಬಹುದು. ಸುಟ್ಟ ಸುಣ್ಣದ ಹರಳನ್ನು ನೀರಿನಲ್ಲಿ ಅರಳಿಸುವಾಗ ಒಲೆಯಿಲ್ಲದೆಯೇ ನೀರು ಕುದಿಯುವುದನ್ನು ಹಳ್ಳಿಯ ಹಿರಿಯರು ಕಂಡಿದ್ದಾರೆ. ತುಂಬ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಸುಣ್ಣವನ್ನು ಹಾಕಿದರೆ ಆ ಶಾಖವನ್ನು ನೀರು ನುಂಗಿಕೊಳ್ಳುತ್ತದೆ. ಸುಣ್ಣದ ರಾಶಿಯ ಮೇಲೆ ಸ್ವಲ್ಪ ನೀರು ಸುರಿದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಗಂಧಕಾಮ್ಲದ ಕಥೆಯೂ ಇದೇ. ಅದು ನೀರಿಗಿಂತ ಸುಮಾರು 1.8 ಪಟ್ಟು ಭಾರ. ಅದರ ಮೇಲೆ ನೀರು ಸುರಿದರೆ ನೀರು ಮೇಲೆಯೇ ನಿಂತು, ತಟ್ಟನೆ ಕುದಿದು, ಆಮ್ಲವನ್ನು ಹೊತ್ತು ಸಿಡಿಯುತ್ತದೆ. ಆದ್ದರಿಂದ ನೀರಿಗೆ ಆಮ್ಲವನ್ನು ಹಾಕಬೇಕೇ ಹೊರತು ಆಮ್ಲಕ್ಕೆ ನೀರನ್ನಲ್ಲ. ಕಾರಣವನ್ನು ಬಲ್ಲ ವಿದ್ಯಾರ್ಥಿ ಈ ನಿಯಮವನ್ನು ಎಂದಿಗೂ ತಿರುವುಮುರುವು ಮಾಡಲಾರ.

ಕೊನೆಯ ನಿಯಮ ಮಕ್ಕಳಿಗಿಂತ ಹೆಚ್ಚಾಗಿ ಅಧ್ಯಾಪಕರಿಗೆ ಸಂಬಂಧಿಸಿದುದು, ಎಲ್ಲಕ್ಕಿಂತ ಮುಖ್ಯವಾದುದು. ಒಡೆದುದನ್ನು, ಚೆಲ್ಲಿದುದನ್ನು, ಸುಟ್ಟುಕೊಂಡುದನ್ನು ತಾನಾಗಿ ಬಂದು ಹೇಳಿದ ಮಗುವಿಗೆ ಶಿಕ್ಷೆಯಾಗಕೂಡದು. ನಾಲ್ಕನೆಯ ತರಗತಿಯ ಬಾಲಕನೊಬ್ಬನ ಕೈಯಿಂದ ಪಾದರಸದ ಉಷ್ಣಮಾಪಕ ಜಾರಿ ಬಿದ್ದಿತೆಂದು ಭಾವಿಸಬಹುದು. ಏಟಿನ ಅಥವಾ ದಂಡದ ಭಯವಿದ್ದರೆ ಅವನು ಗಾಜಿನ ಚೂರುಗಳನ್ನು ಬರಿಗೈಯಿಂದ ಬಳಿದು ಕಿಸೆಗೆ ಹಾಕುತ್ತಾನೆ. ಬೆಳ್ಳಿಯ ಗುಂಡುಗಳಂತೆ ಹೊಳೆಯುವ ಪಾದರಸವನ್ನು ಗೆಳೆಯರೊಡನೆ ಹಂಚಿಕೊಳ್ಳುತ್ತಾನೆ. ನೆಲದ ಬಿರುಕುಗಳಲ್ಲಿ ಸೇರಿದ ಪಾದರಸ ಅದೇ ಕೊಠಡಿಯಲ್ಲಿ ದಿನವೂ ಪಾಠ ಕೇಳುವ ಮಕ್ಕಳ ಉಸಿರಿಗೆ ಕಾಣದ ಆವಿಯಾಗಿ ಸೇರುತ್ತಲೇ ಇರುತ್ತದೆ. ಮುರಿದ ವಸ್ತುವಿನ ಬೆಲೆ ನೂರು ರೂಪಾಯಿಯಾಗಿರಬಹುದು. ಮುಚ್ಚಿಟ್ಟ ಸತ್ಯದ ಬೆಲೆಯನ್ನು ಕಟ್ಟಲು ಬಾರದು. ಹೇಳಿದವನ ಬೆನ್ನು ತಟ್ಟುವ ಶಾಲೆಯಲ್ಲಿ ಮಾತ್ರ ಸುರಕ್ಷತೆ ಇರುತ್ತದೆ. ಸತ್ಯವನ್ನು ನುಡಿಯಲು ಹೆದರದ ನಾಗರಿಕನ ತಯಾರಿಯೂ ಅಲ್ಲಿಂದಲೇ ಆರಂಭವಾಗುತ್ತದೆ. ಪಾದರಸದ ಬಳಕೆಯನ್ನು ಕಡಮೆ ಮಾಡುವ ಮಿನಮಾಟ ಒಪ್ಪಂದ 2013ರಲ್ಲಿ ಆಯಿತು, ಭಾರತ ಅದನ್ನು 2018ರಲ್ಲಿ ಅಂಗೀಕರಿಸಿತು. ಹಳೆಯ ಬೀರುಗಳಲ್ಲಿ ಉಳಿದಿರಬಹುದಾದ ಪಾದರಸದ ಉಪಕರಣಗಳನ್ನು ಪತ್ತೆಹಚ್ಚಿ, ತಿಳಿದವರ ಸಲಹೆಯಂತೆ ವಿಲೇವಾರಿ ಮಾಡಿ, ಅವುಗಳ ಬದಲು ಬಣ್ಣದ ಆಲ್ಕೊಹಾಲಿನ ಅಥವಾ ವಿದ್ಯುನ್ಮಾನದ ಉಷ್ಣಮಾಪಕಗಳನ್ನು ತರಿಸುವುದು ಪ್ರತಿಯೊಂದು ಶಾಲೆಯ ಕರ್ತವ್ಯ.

ಅಧ್ಯಾಪಕರ ಕಷ್ಟಗಳನ್ನು ಅಲ್ಲಗಳೆಯುವಂತಿಲ್ಲ. ಒಂದು ಕೊಠಡಿ, ನಲವತ್ತು ಮಕ್ಕಳು, ಒಬ್ಬರೇ ಅಧ್ಯಾಪಕರು, ಮುಗಿಸಬೇಕಾದ ಪಾಠಗಳ ಒತ್ತಡ. ಮೇಲಾಗಿ ಏನಾದರೂ ಅನಾಹುತವಾದರೆ ಪೋಷಕರಿಗೂ ಮೇಲಧಿಕಾರಿಗಳಿಗೂ ಉತ್ತರ ಹೇಳಬೇಕಾದವರೂ ಅವರೇ. ಇಂಥವರು ಬೀರುವಿಗೆ ಬೀಗ ಹಾಕಿದರೆ ಅದು ಕೇವಲ ಸೋಮಾರಿತನವೆನ್ನುವುದು ಅನ್ಯಾಯ. ಬೀಗ ತೆಗೆಯಿರೆಂದು ಉಪದೇಶಿಸುವ ಮೊದಲು ಅವರಿಗೆ ತರಬೇತಿಯೂ ಜೊತೆಗಾರರೂ ದೊರೆಯಬೇಕು. ಅಲ್ಲಿಯವರೆಗೆ ಅನುಸರಿಸಬಹುದಾದ ಸರಳ ಸೂತ್ರವೊಂದಿದೆ. ಒಂದು ಪ್ರಯೋಗ ಕೆಟ್ಟರೆ ಏನಾದೀತೆಂಬುದನ್ನು ಅಧ್ಯಾಪಕರು ಮೊದಲೇ ಯೋಚಿಸಬೇಕು. ಕೆಟ್ಟಾಗ ತಡೆಯುವ ಸಾಧನ ಕೈಯಳತೆಯಲ್ಲಿಲ್ಲದಿದ್ದರೆ ಆ ಪ್ರಯೋಗವನ್ನು ಬಿಟ್ಟು ಬೇರೊಂದನ್ನು ಆರಿಸಿಕೊಳ್ಳಬೇಕು. ದಾಸವಾಳದ ರಸ, ನಿಂಬೆ, ಸೋಡ, ನೀರು, ಮಣ್ಣು, ಬೀಜ, ಅಯಸ್ಕಾಂತ ಇವುಗಳಿಂದಲೇ ಒಂದು ವರ್ಷದ ಪ್ರಯೋಗಗಳನ್ನು ಮಾಡಿಸಬಹುದು. ಮಧ್ಯಪ್ರದೇಶದಲ್ಲಿ 1972ರಿಂದ 2002ರವರೆಗೆ ನಡೆದ ಹೋಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮವು ಹಳ್ಳಿಯ ಮಾಧ್ಯಮಿಕ ಶಾಲೆಗಳಲ್ಲಿಯೇ ಮಕ್ಕಳು ಸಣ್ಣ ಸಣ್ಣ ಗುಂಪುಗಳಲ್ಲಿ ಸ್ವತಃ ಪ್ರಯೋಗ ಮಾಡಬಲ್ಲರೆಂಬುದನ್ನು ಮೂವತ್ತು ವರ್ಷಗಳ ಕಾಲ ತೋರಿಸಿಕೊಟ್ಟಿತು.

ಎಚ್ಚರ ತಪ್ಪಿದರೆ ಶಾಲೆಯೇ ಸ್ಮಶಾನವಾಗಬಲ್ಲುದೆಂಬುದನ್ನು ನೆನೆಯುವುದು ನೋವಿನ ಸಂಗತಿಯಾದರೂ ಅನಿವಾರ್ಯ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯಲ್ಲಿ ಹುಟ್ಟಿದ ಬೆಂಕಿ ಗರಿಯ ಮಾಡಿಗೆ ಹಬ್ಬಿ 94 ಮಕ್ಕಳು ದಹಿಸಿಹೋದರು. ಅವರೆಲ್ಲ ಪ್ರಾಥಮಿಕ ಶಾಲೆಯ ಎಳೆಯರು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತವಾದ ಶಾಲೆಯ ಹಕ್ಕೂ ಸೇರಿದೆಯೆಂದು ಸಾರಿ, ಶಾಲೆಗಳಲ್ಲಿ ಅಗ್ನಿಶಾಮಕ ಸಾಧನಗಳೂ ಅವನ್ನು ಬಳಸುವ ತರಬೇತಿಯೂ ಇರಬೇಕೆಂದು ಆಜ್ಞಾಪಿಸಿತು. ಗೋಡೆಯ ಮೇಲೆ ತೂಗುಹಾಕಿದ ಕೆಂಪು ಸಿಲಿಂಡರನ್ನು ಬಳಸಲು ಬಲ್ಲವರು ಶಾಲೆಯಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ಪ್ರತಿಯೊಂದು ಆಡಳಿತ ಮಂಡಲಿಯೂ ಒಮ್ಮೆ ಎಣಿಸಿ ನೋಡುವುದು ಲೇಸು.

ದಾನಿಗಳಲ್ಲಿಯೂ ಒಂದು ವಿನಂತಿಯುಂಟು. ಕೊಠಡಿಯನ್ನು ಕಟ್ಟಿಸಿದವರ ಹೆಸರು ಅಮೃತಶಿಲೆಯಲ್ಲಿ ಉಳಿಯುತ್ತದೆ. ಆ ಔದಾರ್ಯಕ್ಕೆ ವಿದ್ಯಾಸಂಸ್ಥೆಗಳು ಸದಾ ಋಣಿ. ಆದರೆ ಆ ಕೊಠಡಿಯಲ್ಲಿ ಹರಿಯುವ ನೀರಿನ ನಲ್ಲಿ ಇದೆಯೇ, ಹೊರಕ್ಕೆ ತೆರೆಯುವ ಎರಡು ಬಾಗಿಲುಗಳಿವೆಯೇ, ಮರಳು ತುಂಬಿದ ಬಕೆಟ್ಟು, ದಪ್ಪ ಕಂಬಳಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಕ್ಕಳ ಮುಖಕ್ಕೆ ಹೊಂದುವ ರಕ್ಷಣಾ ಕನ್ನಡಕಗಳು ಇವೆಯೇ ಎಂಬುದನ್ನೂ ಅವರು ವಿಚಾರಿಸುವಂತಾಗಬೇಕು. ಇವು ಫಲಕ ಹಚ್ಚಲು ಸ್ಥಳವಿಲ್ಲದ ದಾನಗಳು. ಕನ್ನಡಕ ಗೀಚಿಹೋಗುತ್ತದೆ, ಮದ್ದಿನ ಅವಧಿ ಮುಗಿಯುತ್ತದೆ, ಸಿಲಿಂಡರಿಗೆ ಮರುಪೂರಣ ಬೇಕು; ವರ್ಷವರ್ಷವೂ ಸ್ವಲ್ಪ ಹಣ ಬೇಕಾಗುತ್ತದೆ. ಕೊಟ್ಟವನ ಹೆಸರನ್ನು ಮುಂದು ಮಾಡದ ದಾನಕ್ಕೆ ದಾಸೋಹವೆಂಬ ಬೇರೊಂದು ಹೆಸರೇ ಶರಣರ ನಾಡಿನಲ್ಲಿದೆ. ನೀರಿನ ನಲ್ಲಿಯೊಂದು ಒಂದು ಮಗುವಿನ ಕಣ್ಣನ್ನು ಉಳಿಸಿದರೆ ಯಾವ ಅಮೃತಶಿಲೆಯೂ ಅದಕ್ಕೆ ಸಮನಾಗದು.

ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಿದ್ದಾರೆ, ದಾದಿಯರಿದ್ದಾರೆ, ಕಾರ್ಖಾನೆಗಳಲ್ಲಿ ದುಡಿಯುವ ಇಂಜಿನಿಯರುಗಳಿದ್ದಾರೆ. ಅವರು ತಾವು ಕಲಿತ ಶಾಲೆಗೆ ವರ್ಷಕ್ಕೆ ಒಂದು ದಿನ ಬಂದು, ಸುಟ್ಟ ಗಾಯಕ್ಕೆ ನೀರು ಹಿಡಿಯುವುದನ್ನು, ಕಣ್ಣು ತೊಳೆಯುವುದನ್ನು, ಬೆಂಕಿ ಆರಿಸುವುದನ್ನು ಮಕ್ಕಳಿಗೂ ಅಧ್ಯಾಪಕರಿಗೂ ಕೈಯಾರೆ ಮಾಡಿ ತೋರಿಸಿದರೆ ಅದು ಹಣದ ಕಾಣಿಕೆಗಿಂತ ಕಡಮೆಯದೇನಲ್ಲ. ವಿಜ್ಞಾನದ ದಿನವೆಂದು ಆಚರಿಸುವ ಫೆಬ್ರವರಿ 28 ಇದಕ್ಕೆ ತಕ್ಕ ದಿನವಾದೀತು.

ಇಷ್ಟಾದರೂ ಅಪಾಯ ಪೂರ್ಣವಾಗಿ ತಪ್ಪುವುದೆಂದು ಯಾರೂ ಭರವಸೆ ಕೊಡಲಾರರು. ಗಾಜು ಒಡೆಯುತ್ತದೆ, ಬೆರಳು ಚುರ್ ಎನ್ನುತ್ತದೆ, ಒಂದೆರಡು ಕಣ್ಣೀರಿನ ಹನಿಗಳೂ ಬೀಳುತ್ತವೆ. ಆದರೆ ಕಾರಣವನ್ನು ಬಲ್ಲ ಮಗುವಿಗೂ ಬರಿಯ ಭಯವನ್ನು ಬಲ್ಲ ಮಗುವಿಗೂ ಇರುವ ಅಂತರ ಬಹಳ ದೊಡ್ಡದು. ಭಯವನ್ನು ಕಲಿತವನು ಕಾವಲುಗಾರನಿಲ್ಲದ ಹೊತ್ತಿನಲ್ಲಿ ದುಡುಕುತ್ತಾನೆ. ಕಾರಣವನ್ನು ಕಲಿತವನು ಯಾರೂ ನೋಡದಿರುವಾಗಲೂ ಜಡೆಯನ್ನು ಕಟ್ಟಿಕೊಂಡು, ನೀರನ್ನು ಪಕ್ಕದಲ್ಲಿಟ್ಟುಕೊಂಡು, ಆಮೇಲೆ ಬತ್ತಿಯನ್ನು ಹಚ್ಚುತ್ತಾನೆ. ಆಗ ಮಗುವಿನ ಕೈಯನ್ನು ಹಿಂದಕ್ಕೆ ಸೆಳೆಯಲು ತಾಯಿಯೇ ಬಳಿಯಲ್ಲಿ ಇರಬೇಕೆಂದಿಲ್ಲ. ದೀಪವೂ ಉರಿಯುತ್ತದೆ, ಕೈಯೂ ಉಳಿಯುತ್ತದೆ. ಬೀರುವಿನ ಬೀಗದ ಕೈಯನ್ನು ಹಿಡಿದಿರುವ ಹಿರಿಯರೆಲ್ಲರೂ ಅದನ್ನು ತೆಗೆಯುವ ಧೈರ್ಯವನ್ನೂ, ತೆಗೆಯುವ ಮೊದಲು ಒಂದು ಬಕೆಟ್ಟು ನೀರನ್ನು ತುಂಬಿಡುವ ವಿವೇಕವನ್ನೂ ತೋರಲಿ.